ನನ್ನ ಏರ್ ಗನ್ನು, ಐದಕ್ಕೆ ಐದು!

ಅರವತ್ತೆಂಟನೆಯ ವಯಸ್ಸಿನಲ್ಲಿ ಲೋಕದ ಜನ ಊರುಗೋಲು ಕೊಳ್ಳುತ್ತಾರೆ. ನಾನು ಕೋವಿ ಕೊಂಡೆ!

ಹೌದು, ಕೋವಿ! ಹೈ ಪವರ್ ಏರ್ ಗನ್! ಮುಳಬಾಗಿಲು ತಾಲ್ಲೂಕಿನಲ್ಲಿ ಗುರಿಕಾರ ಯಾರೆಂದರೆ ವೆಂಕಟರಾಯಪ್ಪ ಮೇಷ್ಟ್ರು ಎಂದು ಜನ ಬಾಯಿತುಂಬ ಹೇಳಬೇಕು; ಹಾಗೆ ಹೇಳಿಸಿಕೊಳ್ಳದೆ ಈ ದೇಹವನ್ನು ಬಿಡುವುದಿಲ್ಲ ಎಂದು ಯುಗಾದಿಯ ಬೆಳಿಗ್ಗೆ, ಬೇವುಬೆಲ್ಲ ಇನ್ನೂ ನಾಲಗೆಯ ಮೇಲಿರುವಾಗಲೇ ಸಂಕಲ್ಪ ಮಾಡಿದೆ.

ಈ ಸಂಕಲ್ಪದ ಹಿಂದೆ ಒಂದು ಹಳೆಯ ಸುಳ್ಳಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಸಂಧಿ ಸಮಾಸಗಳ ಜೊತೆಗೆ ಎನ್‌ಸಿಸಿಯನ್ನೂ ನನ್ನ ತಲೆಗೆ ಕಟ್ಟಿದ್ದರು. ನಮ್ಮ ಶಾಲೆಯ ಕೋವಿಗಳೆಲ್ಲ ಊರಿನ ಬಡಗಿ ಮಾಡಿಕೊಟ್ಟ ಮರದ ಕೋವಿಗಳು. ಒಂದು ಮಳೆಗಾಲದಲ್ಲಿ ಅವುಗಳಲ್ಲೊಂದು ಚಿಗುರಿತ್ತು ಎಂದು ಹುಡುಗರು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ಆ ಹುಡುಗರೇ ಒಂದು ದಿನ ಕೇಳಿದರು:

"ಸಾರ್, ನೀವು ನಿಜವಾದ ಬಂದೂಕು ಹೊಡ್ದಿದ್ದೀರಾ ಸಾರ್?"

"ಹೊಡ್ದಿದ್ದೀನಾ ಅಂತ ಕೇಳ್ತೀರೇನ್ರೋ! ಕ್ಯಾಂಪಲ್ಲಿ ಐದು ಗುಂಡು ಕೊಟ್ಟರು. ಐದಕ್ಕೆ ಐದು!"

ನಡೆದದ್ದೇನೆಂದರೆ, ಆ ಕ್ಯಾಂಪಿನಲ್ಲಿ ಎಲ್ಲರೂ ಗುಂಡು ಹಾರಿಸಲು ಹೋದ ದಿನ ನನ್ನನ್ನು ಇನ್ನೂರು ಜನರ ಉಪ್ಪಿಟ್ಟಿನ ಉಸ್ತುವಾರಿಗೆ ಹಾಕಿದ್ದರು. ನಾನು ಹಾರಿಸಿದ್ದು ಒಗ್ಗರಣೆಯ ಸಾಸಿವೆಯನ್ನು ಮಾತ್ರ! ಆದರೆ ಹುಡುಗರ ಕಣ್ಣುಗಳು ಹಾಗೆ ಅರಳಿದ ಮೇಲೆ ಉಪ್ಪಿಟ್ಟಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ 'ಐದಕ್ಕೆ ಐದು' ಎಂದು ಹೇಳಿಕೊಂಡೇ ನಿವೃತ್ತನಾದೆ. ಒಂದೇ ಒಂದು ಸಲ ಅದನ್ನು ನಿಜ ಮಾಡಿಬಿಟ್ಟರೆ ಮನಸ್ಸಿಗೆ ನೆಮ್ಮದಿ ಎಂಬ ಆಸೆ ಮಾತ್ರ ಹಾಗೆಯೇ ಉಳಿದಿತ್ತು.

ಬೆಂಗಳೂರಿನ ಅಂಗಡಿಯವನು ಗುರುತಿನ ಚೀಟಿ ಕೇಳಿ, ನನಗೆ ಸಾಕಷ್ಟು ವಯಸ್ಸಾಗಿದೆಯೇ ಎಂದು ಪರೀಕ್ಷಿಸಿದ. ಆ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. "ಹಲಗೇನೂ ತೂರ್ಕೊಂಡ್ ಹೋಗುತ್ತೆ ಸಾರ್, ಹುಷಾರು" ಎಂದ. ಆ ಮಾತು ಕೇಳಿ ನನ್ನ ಎದೆ ಎರಡು ಅಂಗುಲ ಹಿಗ್ಗಿತು.

ಹಿಗ್ಗಿದ ಎದೆ ಮನೆಯ ಬಾಗಿಲಲ್ಲಿ ಮೊದಲಿನ ಅಳತೆಗೆ ಬಂದಿತು. ನನ್ನ ಧರ್ಮಪತ್ನಿ ಆದಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ರೀ ಅದು ಉದ್ದಕ್ಕೆ?"

"ಏರ್ ಗನ್ ಕಣೇ. ಹೈ ಪವರ್!"

"ಪವರ್ ಅಂತೆ ಪವರ್! ಮೊನ್ನೆ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗ್ದುಕೊಡಿ ಅಂದ್ರೆ ಆಗ್ಲಿಲ್ಲ ನಿಮ್ಗೆ."

"ಪವರ್ ನಂದಲ್ಲ ಕಣೇ, ಅದರದ್ದು."

"ಯಾರಿಗ್ ಹೊಡೆಯೋಕೆ ತಂದ್ರಿ?"

ನನ್ನ ಕಣ್ಣು ತಾನಾಗಿ ಹಿತ್ತಲಿನ ಬಾದಾಮಿ ಮಾವಿನ ಮರದ ಕಡೆಗೆ ಹೋಯಿತು. ಕೋತಿಗಳ ಹಿಂಡೊಂದು ಪ್ರತಿವರ್ಷವೂ ಅದರ ಕಾಯಿಗಳನ್ನು ಒಂದೊಂದು ಕಚ್ಚು ಕಚ್ಚಿ, ರುಚಿ ನೋಡಿ, ಬಿಸಾಡಿ ಹೋಗುತ್ತಿತ್ತು. ಅವಳು ನನ್ನ ಕಣ್ಣನ್ನೇ ಹಿಂಬಾಲಿಸಿದಳು.

"ರಾಮ ರಾಮ! ಆಂಜನೇಯಸ್ವಾಮಿ ಊರಲ್ಲಿದ್ಕೊಂಡು ಕೋತಿಗೆ ಗುಂಡು ಹೊಡೀತೀರಾ? ಮೊದ್ಲು ಕೆನ್ನೆ ಬಡ್ಕೊಳ್ಳಿ!"

ಬಡಿದುಕೊಂಡೆ. ಕೊನೆಗೆ ಒಪ್ಪಂದವಾಯಿತು. ಜೀವವಿರುವ ಯಾವುದಕ್ಕೂ ಗುರಿ ಇಡುವಂತಿಲ್ಲ. ಹಳೆಯ ತಟ್ಟೆಗೋ ತೆಂಗಿನ ಚಿಪ್ಪಿಗೋ ಹೊಡೆಯಬಹುದು. ಅದರಲ್ಲೂ ಮನೆಯ ಒಂದೇ ಒಂದು ವಸ್ತು ಹಾಳಾದರೂ ಕೋವಿ ಅವಳ ವಶ. "ಆಮೇಲೆ ಅದು ಎಲ್ಲಿರ್ಬೇಕು ಅಂತ ನಾನ್ ಹೇಳ್ತೀನಿ. ನೀವು ತುಟಿ ಪಿಟಕ್ ಅನ್ನಂಗಿಲ್ಲ!" ಎಲ್ಲಕ್ಕಿಂತ ಮೊದಲು, ಕುರುಡುಮಲೆಗೆ ಹೋಗಿ ಗಣಪತಿಯ ಮುಂದೆ ಪೂಜೆ ಮಾಡಿಸದೆ ಅದನ್ನು ಮುಟ್ಟಕೂಡದು. ಹೊಸ ಟ್ರ್ಯಾಕ್ಟರು ಬರಲಿ, ಸ್ಕೂಟರು ಬರಲಿ, ನಮ್ಮ ಮನೆಯಲ್ಲಿ ಅದು ಮೊದಲು ಹೋಗುವುದು ಅಲ್ಲಿಗೇ.

ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಆದಿಲಕ್ಷ್ಮಮ್ಮನ ಪಕ್ಕ ಕುಳಿತೆ.

"ಏಮಿ ಸಾರ್ ಅದಿ? ಮದುವೆ ವಾದ್ಯನಾ?" ಎಂದ ಕಂಡಕ್ಟರು.

"ಗನ್ನು" ಎಂದೆ.

ಅವನು ಟಿಕೆಟ್ಟನ್ನೂ ಉಳಿದ ಚಿಲ್ಲರೆಯನ್ನೂ ಆ ಕ್ಷಣವೇ ಎರಡೂ ಕೈಗಳಿಂದ ಕೊಟ್ಟ. ಬಸ್ಸಿನಲ್ಲಿ ಚಿಲ್ಲರೆ ಕೇಳದೆ ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು!

ದೇವಸ್ಥಾನದ ಹೊರಗೆ ಪೂಜೆಗೆ ಬಂದ ಅರ್ಚಕರು ಅತ್ತಿತ್ತ ನೋಡಿದರು.

"ಗಾಡಿ ಎಲ್ಲಿ ಮೇಷ್ಟ್ರೇ?"

"ಗಾಡಿ ಅಲ್ಲ ಸ್ವಾಮಿ, ಇದಕ್ಕೇ ಪೂಜೆ."

"ಇದಕ್ಕೆ ಚಕ್ರ ಇಲ್ವಲ್ಲ! ನಿಂಬೆಹಣ್ಣು ಎಲ್ಲಿಡ್ಲಿ?"

ದೀರ್ಘ ಸಮಾಲೋಚನೆಯ ನಂತರ ನಿಂಬೆಹಣ್ಣನ್ನು ಕೋವಿಯ ಹಿಡಿಯ ಕೆಳಗಿಟ್ಟು, ನಾನೇ ಕುಟ್ಟಿ ಅಪ್ಪಚ್ಚಿ ಮಾಡಿದೆ. ಗಂಧವಾಯಿತು, ಹೂವಾಯಿತು, ಮಂಗಳಾರತಿಯಾಯಿತು. ಎಲ್ಲ ಮುಗಿದ ಮೇಲೆ ಆದಿಲಕ್ಷ್ಮಮ್ಮ ನಳಿಗೆಯ ತುದಿಯನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಗುರಿ ಹಿಡಿಯುವುದಕ್ಕೆಂದು ಇಟ್ಟ ಪುಟ್ಟದೊಂದು ಕಬ್ಬಿಣದ ಮೊಳೆಯಿತ್ತು.

"ಮುಖ್ಯವಾದ ಜಾಗಕ್ಕೇ ಇಟ್ಟಿಲ್ವಲ್ಲ!" ಎಂದವಳೇ ಗಂಧವನ್ನೂ ಕುಂಕುಮವನ್ನೂ ಕಲಸಿ, ನೆಲ್ಲಿಕಾಯಿ ಗಾತ್ರದ ಒಂದು ಬೊಟ್ಟನ್ನು ಆ ಮೊಳೆಗೆ ಮೆತ್ತಿದಳು. ಮನೆಗೆ ಬರುವಷ್ಟರಲ್ಲಿ ಅದು ಒಣಗಿ ಕಲ್ಲಾಗಿತ್ತು.

ಮಾರನೆಯ ದಿನ ಪರೀಕ್ಷೆ. ಸಾಕ್ಷಿಗೆ ಪಕ್ಕದ ಹಿಪ್ಪುನೇರಳೆ ತೋಟದ ಆವಲಪ್ಪನನ್ನು ಕರೆದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಆ ಚಿಗುರಿದ ಮರದ ಕೋವಿಯನ್ನು ಹೊತ್ತವನು. ಈಗ ಅವನಿಗೇ ಮೊಮ್ಮಗಳಿದ್ದಾಳೆ. ಆದರೂ ನನ್ನ ಮುಂದೆ ಕೈಕಟ್ಟಿಯೇ ನಿಲ್ಲುತ್ತಾನೆ.

"ಸಾರ್, ಐದಕ್ಕೆ ಐದು ಕಣ್ಣಾರೆ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಆಸೆ ಸಾರ್!" ಎಂದ.

ನನಗೂ ಅಷ್ಟೇ ವರ್ಷಗಳಿಂದ ಆಸೆ ಎಂದು ಅವನಿಗೆ ಹೇಗೆ ಹೇಳಲಿ?

ಹಿತ್ತಲಿನ ಕೊನೆಯಲ್ಲಿ ನಮ್ಮ ಬಚ್ಚಲುಮನೆ. ಅದರ ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ಬಚ್ಚಲುಮನೆಯ ಗೋಡೆಗೆ ಮಣ್ಣಿನ ಮೂಟೆಗಳನ್ನು ಒರಗಿಸಿ, ಅದರ ಮುಂದೆ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆಯನ್ನು ನಿಲ್ಲಿಸಿದೆ. ಕೋವಿಗೆ ಗಾಳಿ ತುಂಬಲು ನಳಿಗೆಯನ್ನು ನಡುವಿಗೆ ಮಡಿಸಬೇಕು. ಮಡಿಸಿದೆ. 'ಕಟಕ್' ಎಂದಿತು.

"ಲೋಡಾಯ್ತಾ ಸಾರ್?"

"ಇಲ್ಲ ಕಣೋ, ಅದು ನನ್ನ ಸೊಂಟ."

ಅಂತೂ ಲೋಡಾಯಿತು. ಕೋವಿಯನ್ನು ಭುಜಕ್ಕೆ ಏರಿಸಿ ಒಂದು ಕಣ್ಣು ಮುಚ್ಚಿದೆ. ಕಂಡದ್ದೇನು? ಕುಂಕುಮ! ತಟ್ಟೆಯಿಲ್ಲ, ಮೂಟೆಯಿಲ್ಲ, ಗೋಡೆಯಿಲ್ಲ. ಉದಯಿಸುತ್ತಿರುವ ಸೂರ್ಯನಂತೆ ಆ ಬೊಟ್ಟೊಂದೇ!

"ಸ್ವಲ್ಪ ಒರಸ್ಕೊಳ್ಳಿ ಸಾರ್" ಎಂದು ಆವಲಪ್ಪ ಪಿಸುಗುಟ್ಟಿದ.

ಅಡುಗೆಮನೆಯ ಕಿಟಕಿಯಿಂದ ಧ್ವನಿ ಬಂದಿತು: "ಗಣಪತಿ ಕುಂಕುಮ ಅದು! ತಾನಾಗಿ ಉದುರೋವರ್ಗೂ ಯಾರೂ ಮುಟ್ಟಂಗಿಲ್ಲ!"

ನಾನೂ ಆ ಪದ್ಧತಿಯಲ್ಲೇ ಬೆಳೆದವನು; ಒರಸಲು ಕೈ ಬರಲಿಲ್ಲ. ಆದರೆ ಬುದ್ಧಿಯುಳ್ಳವನಿಗೆ ಉಪಾಯವಿಲ್ಲವೇ! ನಳಿಗೆಯ ತುದಿಯನ್ನು ಕೊಂಚ ಮೇಲಕ್ಕೆತ್ತಿ, ಬೊಟ್ಟಿನ ಕೆಳಗಿನಿಂದ ಇಣುಕಿದೆ. ಆಹಾ, ತಟ್ಟೆ ಕಂಡಿತು! ಕಂಡ ಸಂತೋಷದಲ್ಲಿ ತುದಿಯನ್ನು ಮತ್ತೆ ಇಳಿಸಬೇಕೆಂಬುದೇ ಮರೆತುಹೋಯಿತು. ಕೋವಿಯ ಕುದುರೆಯನ್ನು ಎಳೆದೆ.

'ಠಪ್!' ಅದರ ಬೆನ್ನಿಗೇ ಎಲ್ಲಿಯೋ ಮೇಲೆ 'ಟೊಪ್' ಎಂದಿತು.

"ಏನೋ ಸದ್ದಾಯ್ತು ಸಾರ್."

"ಪ್ರತಿಧ್ವನಿ ಕಣೋ! ಹೈ ಪವರ್ ಅಂದ್ರೆ ಸುಮ್ನೇನಾ?"

ಹೀಗೆ ಐದು ಸಲ ಠಪ್, ಐದು ಸಲ ಟೊಪ್. ಆವಲಪ್ಪ ಓಡಿಹೋಗಿ ತಟ್ಟೆಯನ್ನು ಎತ್ತಿಕೊಂಡ; ನಾನೂ ಹಿಂದೆಯೇ ಹೋಗಿ ಬಚ್ಚಲುಮನೆಯ ಬಳಿ ನಿಂತೆ. ಮುಂದೆ ನೋಡಿದ, ಹಿಂದೆ ನೋಡಿದ, ಆಕಾಶಕ್ಕೆ ಹಿಡಿದು ನೋಡಿದ. ಮದುವೆಯಲ್ಲಿ ಉಡುಗೊರೆ ಕೊಡಬಹುದಾದಷ್ಟು ಚೆನ್ನಾಗಿತ್ತು ತಟ್ಟೆ. ಅವನ ಮುಖ ಬಾಡಿತು. ನನ್ನನ್ನು ನೋಡಲಾರದೆ ಅವನು ತನ್ನ ಚಪ್ಪಲಿಯನ್ನು ನೋಡಿಕೊಂಡ.

ಅಷ್ಟರಲ್ಲಿ ಕರೆಂಟು ಬಂದಿತು. ಒಳಗೆ ಆದಿಲಕ್ಷ್ಮಮ್ಮ ಮೋಟಾರು ಹಾಕಿದಳು. ಅರ್ಧ ಖಾಲಿಯಿದ್ದ ಟ್ಯಾಂಕು ನಿಧಾನವಾಗಿ ತುಂಬತೊಡಗಿತು. ತುಂಬುತ್ತ ತುಂಬುತ್ತ ನೀರು ಒಂದು ಮಟ್ಟಕ್ಕೆ ಬಂದಿತು. ಇದ್ದಕ್ಕಿದ್ದಂತೆ ಟ್ಯಾಂಕಿನ ಹೊಟ್ಟೆಯಿಂದ ಐದು ಧಾರೆಗಳು ಒಟ್ಟಿಗೇ ಚಿಮ್ಮಿ ನಮ್ಮಿಬ್ಬರ ತಲೆಗೂ ಅಭಿಷೇಕ ಮಾಡಿದವು!

ಆವಲಪ್ಪ ತಲೆಯೆತ್ತಿ ಎಣಿಸಿದ. ಅವನ ಮುಖ ಮತ್ತೆ ಅರಳಿತು.

"ಸಾರ್! ಒಕಟಿ, ರೆಂಡು, ಮೂಡು, ನಾಲುಗು, ಅಯಿದು! ಐದೂ ಒಂದು ಒಬ್ಬಟ್ಟಿನ ಅಗಲದಲ್ಲಿದಾವೆ! ಐದಕ್ಕೆ ಐದು ಸಾರ್!"

"ಬಾಯ್ಮುಚ್ಚೋ! ಅಮ್ಮನಿಗೆ ಗೊತ್ತಾದ್ರೆ ಗನ್ನು ಹೋಯ್ತು!"

ಹಿತ್ತಲ ಬಾಗಿಲಿನ ಹಿಂದಿದ್ದ ಸ್ವಿಚ್ಚಿಗೆ ಕೈಹಾಕಿ ಮೋಟಾರನ್ನು ಆರಿಸಿದೆ. ಆದರೆ ತೂತುಗಳನ್ನು ಮುಚ್ಚುವುದು ಹೇಗೆ? ನಮ್ಮ ನಾಡಿನವನಿಗೆ ಇಂಥ ವೇಳೆಯಲ್ಲಿ ನೆನಪಾಗುವುದು ಒಂದೇ. ಅಡುಗೆಮನೆಗೆ ಹೋದೆ. ಅವಳು ಆಗತಾನೆ ರಾಗಿಮುದ್ದೆ ಕಟ್ಟುತ್ತಿದ್ದಳು.

"ಒಂದು ಮುದ್ದೆ ಕೊಡೇ."

"ಈಗ ತಾನೆ ಆರು ಇಡ್ಲಿ ತಿಂದ್ರಲ್ಲ! ಸಾರು?"

"ಸಾರು ಬೇಡ."

"ಸಾರಿಲ್ದೆ ಮುದ್ದೆ ತಿಂತೀರಾ? ಮೈ ಯಾಕೆ ಒದ್ದೆ?"

"ಗುರಿ ಹಿಡಿಯೋದು ಅಂದ್ರೆ ಸುಮ್ನೇನಾ? ಬೆವರು ಕಣೇ!"

ಬಿಸಿ ಮುದ್ದೆಯನ್ನು ಕೈಯಿಂದ ಕೈಗೆ ಹಾರಿಸುತ್ತ ಏಣಿ ಹತ್ತಿದೆ. ಕೆಳಗೆ ಆವಲಪ್ಪ ಏಣಿ ಹಿಡಿದಿದ್ದ. ಚಿಟಿಕೆ ಚಿಟಿಕೆಯಾಗಿ ಐದು ತೂತುಗಳಿಗೂ ಮೆತ್ತಿದೆ. ಪವಾಡ! ಒಂದು ಹನಿ ಜಿನುಗಲಿಲ್ಲ! ಬಣ್ಣವೂ ಟ್ಯಾಂಕಿಗೆ ಹೊಂದಿಕೊಂಡಿತು. ಹಾಗೆಯೇ ಬಾಗಿಲಿನ ಹಿಂದೆ ಹೋಗಿ ಮೋಟಾರನ್ನು ಮತ್ತೆ ಹಾಕಿದೆ. ಟ್ಯಾಂಕು ಕಂಠಪೂರ್ತಿ ತುಂಬಿತು, ಮುದ್ದೆ ಅಲುಗಲಿಲ್ಲ. ಇಂಥ ಧಾನ್ಯ ಬೆಳೆಯುವ ನೆಲದಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಯಾಯಿತು.

ಮಧ್ಯಾಹ್ನ ಊಟಕ್ಕೆ ಮೂವರೂ ಹಜಾರದಲ್ಲಿ ಕುಳಿತೆವು. ಆದಿಲಕ್ಷ್ಮಮ್ಮ ಮನೆಯನ್ನೆಲ್ಲ ಒಂದು ಸುತ್ತು ನೋಡಿ ಬಂದಿದ್ದಳು.

"ಪರ್ವಾಗಿಲ್ಲ ರೀ, ಏನೂ ಒಡೆದಿಲ್ಲ. ಇರ್ಲಿ ಬಿಡಿ ಗನ್ನು."

ಆಹಾ, ಗೆದ್ದೆ! ಮುದ್ದೆಯ ತುತ್ತು ಬಾಯಿಗಿಟ್ಟೆ. ಹಿತ್ತಲಲ್ಲಿ 'ಕಿಚಕಿಚ' ಎಂದಿತು.

ಮೂವರೂ ಓಡಿದೆವು. ಟ್ಯಾಂಕಿನ ಮೇಲೆ ಒಂದು ಗಡವ ಕೋತಿ ಕುಳಿತು, ಬಗ್ಗಿ, ನನ್ನ ಮುದ್ದೆಯನ್ನು ಬೆರಳಿನಿಂದ ಕೆರೆದು ಕೆರೆದು ತಿನ್ನುತ್ತಿತ್ತು! ಒಂದನ್ನು ಕೆರೆಯಿತು, ಒಂದು ಧಾರೆ. ಎರಡನೆಯದನ್ನು ಕೆರೆಯಿತು, ಎರಡನೆಯ ಧಾರೆ. ಐದನೆಯದು ಮುಗಿಯುವ ಹೊತ್ತಿಗೆ ಕೆಳಗೆ ಅದರ ಸಂಸಾರವೆಲ್ಲ ಸಾಲಾಗಿ ನಿಂತು ಸ್ನಾನ ಮಾಡುತ್ತಿತ್ತು. ಒಂದು ಮರಿಯಂತೂ ಬೆನ್ನು ತಿರುಗಿಸಿ ನಿಂತು ಉಜ್ಜಿಸಿಕೊಳ್ಳುತ್ತಿತ್ತು!

ಆದಿಲಕ್ಷ್ಮಮ್ಮ ಧಾರೆಗಳನ್ನು ಎಣಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ಸಾರಿಲ್ದೆ ತಿಂದ ಮುದ್ದೆ ಇದೇನಾ?"

"ನೀನಿಟ್ಟ ಕುಂಕುಮದಿಂದ ಕಣೇ..."

"ಗಣಪತಿ ಮೇಲೆ ಹಾಕ್ತೀರಾ?"

ಮತ್ತೆ ಕೆನ್ನೆ ಬಡಿದುಕೊಂಡೆ.

ಆವಲಪ್ಪ ಮಾತ್ರ ನನ್ನ ಪರವಾಗಿ ಒಂದು ಹೆಜ್ಜೆ ಮುಂದಿಟ್ಟ. "ಅಮ್ಮಾ, ಏನೇ ಅನ್ನಿ, ಸಾರ್ ಕ್ಯಾಂಪಲ್ಲೂ ಐದಕ್ಕೆ ಐದು, ಇಲ್ಲೂ ಐದಕ್ಕೆ ಐದು!"

"ಯಾವ ಕ್ಯಾಂಪಪ್ಪಾ? ಉಪ್ಪಿಟ್ಟು ಮಾಡಿದ್ರಲ್ಲ, ಅದಾ? ಮದುವೆಯಾದ ಹೊಸದರಲ್ಲೇ ಹೇಳಿದ್ರು ನಂಗೆ. ಉಪ್ಪು ಹಾಕೋದು ಮರ್ತಿದ್ರಂತೆ."

ಆವಲಪ್ಪ ನನ್ನನ್ನೇ ನೋಡಿದ. ನಾನು ನನ್ನ ಚಪ್ಪಲಿಯನ್ನು ನೋಡಿಕೊಂಡೆ. ಆಮೇಲೆ ಅವನು ಬಿದ್ದು ಬಿದ್ದು ನಕ್ಕ. "ಹಂಗಾದ್ರೆ ಸಾರ್ ಮೊದಲ ಸಲ ಹೊಡ್ದಿದ್ದು ಇವತ್ತೇ ಅನ್ನಿ! ಮೊದಲ ಸಲಕ್ಕೇ ಐದಕ್ಕೆ ಐದು!" ಎಂದು ಕೈ ಮುಗಿದ. ಇಂಥ ಶಿಷ್ಯರನ್ನು ಪಡೆಯಲು ಪುಣ್ಯ ಮಾಡಿರಬೇಕು.

ಆದಿಲಕ್ಷ್ಮಮ್ಮ ಬೇವಿನ ಕಡ್ಡಿಗಳನ್ನು ಚೂಪು ಮಾಡಿ, ಬಟ್ಟೆ ಸುತ್ತಿ, ಐದು ತೂತುಗಳಿಗೂ ಐದು ನಿಮಿಷದಲ್ಲಿ ಜಡಿದಳು. ಅನಂತರ ತೀರ್ಪು ಕೊಟ್ಟಳು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಈಗ ನಮ್ಮ ಬಚ್ಚಲುಮನೆಯ ತಾರಸಿಯ ಮೇಲೆ ಒಬ್ಬ ಬೆದರುಗೊಂಬೆ ನಿಂತಿದ್ದಾನೆ. ಹೊಟ್ಟೆಯಲ್ಲಿ ರಾಗಿಹುಲ್ಲು, ಮೈಮೇಲೆ ನನ್ನ ಹಳೆಯ ಖಾಕಿ ಅಂಗಿ, ತಲೆಯ ಮೇಲೆ ನನ್ನ ಎನ್‌ಸಿಸಿ ಟೋಪಿ, ಕೈಯಲ್ಲಿ ಗುಂಡಿಲ್ಲದ ನನ್ನ ಹೈ ಪವರ್ ಏರ್ ಗನ್! ಮೂವತ್ತು ವರ್ಷ ನಿಜವಾದ ಮೇಷ್ಟ್ರ ಕೈಯಲ್ಲಿ ಮರದ ಕೋವಿಯಿತ್ತು. ಈಗ ಹುಲ್ಲಿನ ಮೇಷ್ಟ್ರ ಕೈಯಲ್ಲಿ ನಿಜವಾದ ಕೋವಿಯಿದೆ. ಕೋತಿಗಳು ಬೇಲಿಯ ಆಚೆಯೇ ನಿಂತು, ಅವನನ್ನು ನೋಡಿ ಹಲ್ಲು ಕಿರಿದು, ಹಿಂದಿರುಗುತ್ತವೆ. ಈ ವರ್ಷ ಮರದ ತುಂಬ ಕಾಯಿ!

ನಿನ್ನೆ ಬೆಳಿಗ್ಗೆ ಆವಲಪ್ಪ ತೋಟಕ್ಕೆ ಹೋಗುತ್ತ ಬೇಲಿಯಾಚೆಯಿಂದ "ನಮಸ್ಕಾರ ಸಾರ್!" ಎಂದ. ಮರದ ಕೆಳಗಿದ್ದ ನಾನು ಕೈಯೆತ್ತಿ "ನಮಸ್ಕಾರ ಕಣಪ್ಪಾ" ಎಂದೆ.

ಹಿತ್ತಲು ಗುಡಿಸುತ್ತಿದ್ದ ಆದಿಲಕ್ಷ್ಮಮ್ಮ ತಲೆ ಎತ್ತದೆಯೇ ಹೇಳಿದಳು:

"ಅವನು ಹೇಳಿದ್ದು ತಾರಸಿ ಮೇಲಿರೋರಿಗೆ ಕಣ್ರೀ. ಅವರು ಬಂದಾಗಿನಿಂದ ಮನೇಲಿ ಒಂದು ವಸ್ತು ಹಾಳಾಗಿಲ್ಲ!"