ಶ್ರೇಣಿಕ ಸರ್ ಸಾಕಿದ ಜೀವಗಳು

ಮನೆತನದಲ್ಲೇ ಮೊದಲು ಪದವಿ ಪಡೆದವನು ಶ್ರೇಣಿಕ. ಈಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ಒಂದು ಮುಂಜಾನೆ ಚಹಾ ಕುಡಿಯುತ್ತ ಘೋಷಿಸಿದ: "ಸೋಮವಾರ ವಿಜ್ಞಾನ ಪ್ರದರ್ಶನದಾಗ ಪೇಟ್ಯಾಗಿನ ಮೂರೂ ಮೌತ್‌ವಾಶ್ ನನ್ನ ಮುಂದ ಸೋಲತಾವ ನೋಡು."

"ನಿಮ್ಮ ಮುಂದ ಅಂದ್ರ?" ಎಂದಳು ಹೆಂಡತಿ ತ್ರಿಶಲಾ.

"ಲವಂಗ, ಅಜವಾನ, ಪಟಿಕ ಕುದಿಸಿ ನಾ ಮಾಡೀನಲ್ಲ, ಅದರ ಮುಂದ."

"ಅದನ್ನ ಮುಕ್ಕಳಿಸಿ ನಿನ್ನಿ ದಿನಾ ಪೂರಾ ನಿಮಗ ಮಾತ ಬರಲಿಲ್ಲ. ಮನಿ ಭಾಳ ಶಾಂತ ಇತ್ತ."

ಶನಿವಾರ ಅಡುಗೆಮನೆಯ ಕಟ್ಟೆಯ ಮೇಲೆ ಪ್ರಯೋಗಶಾಲೆ ಅವತರಿಸಿತು. ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸಲು ಲೋಳೆಯಂತೆ ಹೆಪ್ಪುಗಟ್ಟಿಸಿದ ಆಹಾರ. ಅದರ ಮೇಲೆ ಶ್ರೇಣಿಕ ತನ್ನ ಬಾಯಿಂದಲೇ ಹತ್ತಿಯಲ್ಲಿ ಒರೆಸಿ ತೆಗೆದ ಕ್ರಿಮಿಗಳು. ಮೌತ್‌ವಾಶಿನಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ, ಕ್ರಿಮಿ ಸತ್ತ ಕಡೆ ಅದರ ಸುತ್ತ ಸ್ವಚ್ಛ ವರ್ತುಲ ಮೂಡಬೇಕು. ದೊಡ್ಡ ವರ್ತುಲದವನೇ ಚಕ್ರವರ್ತಿ.

ಅವ್ವ ಜಿನಮತಿ ಬಂದು ಬಗ್ಗಿ ನೋಡಿದಳು. ಸೋಸಿ ಕಾಸಿದ ನೀರಲ್ಲದೆ ಬೇರೆ ಕುಡಿದವಳಲ್ಲ ಆಕೆ. ಪಲ್ಯೆಯಲ್ಲಿ ಹುಳ ಸಿಕ್ಕರೆ ಎಲೆಸಮೇತ ಒಯ್ದು, ಅದು ಬಂದ ಗಿಡಕ್ಕೇ ಬಿಟ್ಟು ಬರುವವಳು.

"ಇದರಾಗ ಏನೈತೋ ಶ್ರೇಣಿಕಾ?"

"ಸಣ್ಣ ಸಣ್ಣ ಜೀವ ಅವ್ವಾ. ಕಣ್ಣಿಗೆ ಕಾಣೂದಿಲ್ಲ. ನನ್ನ ಬಾಯಾಗಿನವು."

"ಉಣ್ಣಾಕ ಇಟ್ಟೀಯೇನ?"

"ಹೂಂ. ಉಂಡು ಲಕ್ಷಗಟ್ಟಲೆ ಆಗತಾವ."

"ಆಮ್ಯಾಲ?"

"ಕೊಲ್ಲತೇನಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸಾಲಾಗಿದ್ದ ನಾಲ್ಕು ಮೌತ್‌ವಾಶ್ ಬಾಟಲಿಗಳನ್ನು ನೋಡಿದಳು. ಮೌನವನ್ನು ಒಪ್ಪಿಗೆಯೆಂದು ತಿಳಿದ ಶ್ರೇಣಿಕ, ಮರೆತುಬಂದಿದ್ದ, ಬಿಲ್ಲೆ ಹಿಡಿಯುವ ಚಿಮಟಾ ತರಲು ಕಾಲೇಜಿಗೆ ಹೋದ. ಮರಳಿ ಬಂದು ನಾಲ್ಕೂ ಬಾಟಲಿಗಳಲ್ಲಿ ಬಿಲ್ಲೆ ಅದ್ದಿ ತಟ್ಟೆಗಳಿಗಿಟ್ಟ. ಮೊಸರಿಗೆ ಹೆಪ್ಪು ಹಾಕಿಡುವ ಬೆಚ್ಚನೆಯ ಮೂಲೆಯಲ್ಲಿ ಅವಕ್ಕೆ ಕೌದಿ ಹೊದಿಸಿದ.

ಸೋಮವಾರ ಕೌದಿ ತೆಗೆದರೆ, ಎಲ್ಲ ತಟ್ಟೆಗಳಲ್ಲೂ ಕ್ರಿಮಿಗಳು ಕಬ್ಬಿನ ಹೊಲದಂತೆ ಒತ್ತಾಗಿ ಬೆಳೆದಿದ್ದವು. ಒಂದೂ ವರ್ತುಲವಿಲ್ಲ. ಅವನದೂ ಸೋತಿತ್ತು, ಪೇಟೆಯವೂ ಸೋತಿದ್ದವು. ಆದರೆ ಬಸ್ಸಿನಲ್ಲಿ ಕಾಲೇಜು ಮುಟ್ಟುವಷ್ಟರಲ್ಲಿ ಆ ಸೋಲೇ ಮಹಾಸಂಶೋಧನೆಯಾಗಿತ್ತು. ಪ್ರಾಚಾರ್ಯ ಆಬಾಸಾಹೇಬರ ಮುಂದೆ ಎದೆಯುಬ್ಬಿಸಿ ನಿಂತ.

"ಯಾವ ಮೌತ್‌ವಾಶೂ ಒಂದ್ ಕ್ರಿಮಿನೂ ಕೊಲ್ಲೂದಿಲ್ರಿ ಸರ್. ಇದನ್ನ ಜಗತ್ತಿಗೆ ಹೇಳಾಂವ ನಾನ ಮೊದಲನೇದಾಂವ."

ಸೊಸೆಯೊಡನೆ ಪ್ರದರ್ಶನ ನೋಡಲು ಬಂದಿದ್ದ ಅವ್ವ ತಟ್ಟೆಗಳನ್ನು ಕಂಡು ಅರಳಿದಳು. "ಎಲ್ಲಾ ಆರಾಮ ಅದಾವಲ್ಲ? ಪುಣ್ಯಾ ಬಂತ."

ಶ್ರೇಣಿಕ ಗಕ್ಕನೆ ತಿರುಗಿದ. "ಅವ್ವಾ, ಏನ್ ಮಾಡಿದಿ?"

"ನೀ ಹೊರಗ ಹೋದಾಗ ಬಾಟ್ಲ್ಯಾಗಿನ ಔಷಧ ತಗದು ಕಾಸಿದ ನೀರ ತುಂಬಿದ್ನೆಪಾ. ಬಣ್ಣ ಹೋದ್ರ ನಿನಗ ತಿಳೀತೈತಿ ಅಂತ ಒಂದೀಟ ಒಂದೀಟ ಉಳಿಸೀನಿ. ತಗದದ್ದು ಅಡಗಿಮನ್ಯಾಗ ಒಂದ ಬೋಗೋಣ್ಯಾಗ ಮುಚ್ಚಿಟ್ಟೀನಿ. ಮೋರಿಗೆ ಸುರವಿದ್ರ ಅಲ್ಲಿ ಹುಳ ಸಾಯ್ತಾವಲ್ಲ."

ಪ್ರಾಚಾರ್ಯರು ಕರವಸ್ತ್ರದೊಳಗೆ ನಕ್ಕರು. ಜಗತ್ತಿಗೆ ಹೇಳಬೇಕಾಗಿದ್ದ ಮಾತನ್ನು ಶ್ರೇಣಿಕ ನುಂಗಿಕೊಂಡು ತಟ್ಟೆಗಳನ್ನು ಎತ್ತಿಡತೊಡಗಿದ. "ಇರಲಿ, ಇವನ್ನ ಕುದಿಸಿ ಚೆಲ್ಲತೇನಿ."

"ಕುದಸ್ತಿ?" ಅವ್ವ ಅಡ್ಡ ನಿಂತಳು. "ಎಲ್ಲಿಂದ ತಂದೀಯೋ ಅಲ್ಲೇ ಬಿಡು."

ತ್ರಿಶಲಾ ಬಲು ವಿನಯದಿಂದ ಒಂದು ತಟ್ಟೆ ಎತ್ತಿ ಗಂಡನ ಮುಖದ ಮುಂದೆ ಹಿಡಿದಳು.

"'ಆ' ಅನ್ರಿ."