ಐದು ಡಬ್ಬಿ ಕರದಂಟು, ಎಸ್.ಡಿ. ಇಪ್ಪತ್ತು

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನ ನೀವು ಭಾಳ ಮಂದಿ ನೋಡಿರ್ತೀರಿ. ನಾ ಮಾತ್ರ ಸುಳ್ಳು ಅಂಕಿ ಬರದು ಮ್ಯಾಲಿಂದ ಮ್ಯಾಲೆ ಸಿಕ್ಕಿಬೀಳಾಂವ. ತೊಂಬತ್ತರ ದಶಕದ ಕೊನಿಗೆ ಹುನಗುಂದದ ಕಡೆ ಒಂದು ಕಾಲೇಜಿನ್ಯಾಗ ಸಂಖ್ಯಾಶಾಸ್ತ್ರ ಕಲಿಸ್ತಿದ್ದೆ. ಟೆಂಪರರಿ ನೌಕರಿ. ಮೊದಲನೇ ಸಲ ಪರೀಕ್ಷಾ ಪೇಪರ್ ತಗ್ಯಾಕ ಹಚ್ಚಿದ ಪ್ರಿನ್ಸಿಪಾಲರು, "ಒಂದ ಲೆಕ್ಕ ತಪ್ಪಿದ್ರೂ ಬರೂ ವರ್ಷ ನೀವು ಬರೂದು ಬ್ಯಾಡ" ಅಂದಿದ್ರು.

೧. ಮೆಣಸಿನಕಾಯಿ

ಎಸ್.ಡಿ. ಅಂದ್ರ ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರ್ಯಾವ ಅನ್ನೂ ಅಳತಿ. ಅದನ್ನ ಹುಡುಕೂದು ಹುಡುಗೂರ ಕೆಲಸ. ಉತ್ತರ ಮೊದಲ ಠರಾಯಿಸಿ ಅದಕ್ಕ ಹೊಂದೂ ಅಂಕಿ ಹುಟ್ಟಿಸೂದು ಮಾಸ್ತರನ ಹಣೆಬರಹ! ಒಂದು ಅಂಕಿ ಮುಟ್ಟಿದ್ರ ಸರಾಸರಿ ಓಡಿ ಹೋಗತೈತಿ. ಅದನ್ನ ಹಿಡದು ತಂದ್ರ ವರ್ಗಮೂಲಕ್ಕ ದಶಾಂಶದ ಬಾಲ. ಕಡೀಕ ಒಂದು ಯುಕ್ತಿ ಸಿಕ್ತು. ಸರಾಸರಿಯಿಂದ ಮೈನಸ್ ಮೂರು, ಮೈನಸ್ ಒಂದು, ಸೊನ್ನಿ, ಒಂದು, ಮೂರು ದೂರ ಇಟ್ರ ಎಸ್.ಡಿ. ಬರೋಬ್ಬರಿ ಎರಡು.

ಮರೀಬಾರದಂತ ಜಳಕ ಮಾಡೂವಾಗ, ಊಟ ಮಾಡೂವಾಗ ಅದನ್ನ ಗುಣಗುಟ್ಟಿದೆ. ಇಳಕಲ್ಲಿನಿಂದ ಬಂದಿದ್ದ ನಮ್ಮ ಅತ್ತಿ ಗಾಬರಿಯಾಗಿ ಉಪ್ಪು, ಮೆಣಸಿನಕಾಯಿ ಹಿಡಕೊಂಡು ನನಗ ದೃಷ್ಟಿ ತಗದ್ರು. "ಅವ್ವಾ, ಅದು ದೃಷ್ಟಿ ಅಲ್ಲ, ಗಣಿತ" ಅಂದ್ಳು ಹೆಣ್ತಿ.

"ಗಣಿತ ಏನವಾ? ಹಂಗಾರ ಇಷ್ಟು ಮೆಣಸಿನಕಾಯಿ ಸಾಲೂದಿಲ್ಲ" ಅಂತ ಅತ್ತಿ ಇನ್ನೊಂದು ಮುಷ್ಟಿ ತಂದ್ರು.

೨. ಹಿಂದಿನ ಬೆಂಚು

ಕ್ಲಾಸಿನ್ಯಾಗ ಐದು ಹುಡುಗೂರ ಮಾರ್ಕ್ಸ್ ಅಂತ 20, 40, 50, 60, 80 ಬರದೆ. ಹಿಂದಿನ ಬೆಂಚಿನಾಂವ ಮಾರಿ ಸಪ್ಪಗ ಮಾಡ್ಕೊಂಡು ಎದ್ದು ನಿಂತ.

"ಸರ್ರ, ಆ ಇಪ್ಪತ್ತು ನಂದೇನ್ರಿ?"

"ಅಲ್ಲೋ ಮಾರಾಯಾ, ಅವು ನಾ ಮನಸ್ಸಿನ್ಯಾಗ ಹುಟ್ಟಿಸಿದ ಮಾರ್ಕ್ಸ್."

"ಹಂಗಾರ ಪರೀಕ್ಷಾಕ್ಕೂ ಮನಸ್ಸಿನ್ಯಾಗ ಹುಟ್ಟಿಸಿ ಹಾಕಿಬಿಡ್ರಿ. ನಲವತ್ತಾದ್ರ ಸಾಕ್ರಿ, ನಮ್ಮಪ್ಪ ಏನೂ ಅನ್ನೂದಿಲ್ಲ."

೩. ತಕ್ಕಡಿ

ಪೇಪರಿಗೆ ಅದೇ ಯುಕ್ತಿ ಹಚ್ಚಿದೆ. ಅಮೀನಗಡದ ಒಂದು ಅಂಗಡಿಯಿಂದ ತಂದ, ಅರ್ಧ ಕಿಲೋದ ಐದು ಕರದಂಟಿನ ಡಬ್ಬಿ. ತೂಕ 470, 490, 500, 510, 530 ಗ್ರಾಂ. ಎಸ್.ಡಿ. ಇಪ್ಪತ್ತು. ಹತ್ತು ಸಲ ತಾಳೆ ನೋಡಿ ಕೊಟ್ಟೆ.

ಪೇಪರ್ ತಿದ್ದಿ ಕೊಟ್ಟ ಮರುದಿನ ಪ್ರಿನ್ಸಿಪಾಲರಿಂದ ಕರೆ ಬಂತು. ನೌಕರಿ ಹೋತು ಅಂತನ ಒಳಗ ಹೋದೆ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಕುಂತಿದ್ರು. ಅಮೀನಗಡದಾಗ ಅವರದು ಕರದಂಟಿನ ಅಂಗಡಿ. ಟೇಬಲ್ ಮ್ಯಾಲೆ ತಕ್ಕಡಿ, ಐದು ಡಬ್ಬಿ!

"ಯಾವ ಡಬ್ಬಿ 470 ಬಂತ್ರಿ ಮಾಸ್ತರ? ತೂಕದಾಗ ಮೋಸ ಅಂತ ಹುಡುಗೂರು ನನ್ನ ಮಗಳಿಗೆ ಕಾಡ್ಯಾಡಾಕ ಹತ್ಯಾರ."

"ಅದು ಸುಮ್ನ ಕಲ್ಪನಾರಿ..."

ಅವರು ಕೇಳಲಿಲ್ಲ. ಒಂದೊಂದ ಡಬ್ಬಿ ತೂಗಿ ತೋರಿಸಿದ್ರು. ಐದೂ ಬರೋಬ್ಬರಿ ಐನೂರು. ಪ್ರಿನ್ಸಿಪಾಲರು ಕನ್ನಡದ ಪಂಡಿತರು. ತಕ್ಕಡಿ ನೋಡಿದ್ರು, ನನ್ನ ನೋಡಿದ್ರು.

"ಹಿಂಗಾದ್ರ ಎಸ್.ಡಿ. ಎಷ್ಟ್ರಿ?"

"ಸೊ... ಸೊನ್ನಿ ಸರ್."

"ನೀವು ಇಪ್ಪತ್ತು ಅಂದೀರಿ. ಲೆಕ್ಕ ತಪ್ಪೈತಿ!"

ಅಷ್ಟರಾಗ ಅಂಗಡಿಯವರು ಮಗಳ ಉತ್ತರ ಪತ್ರಿಕಾ ಬಿಚ್ಚಿದ್ರು. ಆಕಿ ಲೆಕ್ಕ ಮಾಡಿರಲೇ ಇಲ್ಲ. "ನಮ್ಮ ಅಪ್ಪಾಜಿ ತೂಕದಾಗ ಹೆಚ್ಚು ಕಮ್ಮಿ ಆಗೂದಿಲ್ಲ. ಉತ್ತರ: ಸೊನ್ನಿ" ಅಂತ ಬರದಿದ್ಳು. ಬಾಜೂಕ ನನ್ನ ಕೆಂಪು ಶಾಯಿಯ ಸೊನ್ನಿ.

"ಆಕಿ ಸೊನ್ನಿ ಖರೆ ಐತಿ," ಅಂದ್ರು ಅಪ್ಪ, "ನಿಮ್ಮ ಸೊನ್ನಿ ತಪ್ಪೈತಿ."

ಪ್ರಿನ್ಸಿಪಾಲರು ನಕ್ಕು ನಕ್ಕು ಕಣ್ಣೀರು ಒರಸ್ಕೊಂಡು ಒಂದು ಡಬ್ಬಿ ಒಡದ್ರು. "ಬರೂ ವರ್ಷನೂ ಬರ್ರಿ ಮಾಸ್ತರ," ಅಂದ್ರು ಬಾಯಿ ತುಂಬ ಕರದಂಟು ತುಂಬ್ಕೊಂಡು, "ಆದ್ರ ಲೆಕ್ಕದಾಗ ಯಾರ ಅಂಗಡಿನೂ ತರಬ್ಯಾಡ್ರಿ."

ಮರುವರ್ಷ ಪೇಪರಿನ್ಯಾಗ ಐದು ಆನಿ ತೂಕ ಹಾಕಿದೆ. ಹಾಕೂಕಿಂತ ಮೊದಲ ಕ್ಲಾಸಿಗೆ ಹೋಗಿ ಒಬ್ಬೊಬ್ಬರನ್ನ ಎಬ್ಬಿಸಿ ಕೇಳಿದ್ದೆ: "ನಿಮ್ಮಪ್ಪ ಏನ್ ಮಾರ್ತಾರ?"