ರೊಟ್ಟಿ ಡಬ್ಬಿಯ ಅತಿವೇಗದ ಇಂಟರ್ನೆಟ್

"ಎಲ್ಲರೂ ಸ್ವಲ್ಪ ಹಿಂದೆ ಸರೀರಿ!" ಅಂದ ತಿಪ್ಪೇಸ್ವಾಮಿ.

ಎಲ್ಲರೂ ಅಂದರೆ ಅಲ್ಲಿದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಗಂಗಾಂಬಿಕೆ, ಇನ್ನೊಬ್ಬರು ಕೆಳಗಿನ ಮನೆಯ, ಇವರಿಂದಲೇ ಕನ್ನಡ ಕಲಿತ ಡಚ್ ಅಜ್ಜಿ ಮರೈಕೆ. ಹಿಂದೆ ಸರಿಯೋಣವೆಂದರೆ ಜಾಗವೂ ಇರಲಿಲ್ಲ. ನೆದರ್‌ಲ್ಯಾಂಡ್ಸ್ ದೇಶದ ಡೆಲ್ಫ್ಟ್ ಊರಿನ ಆ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಅಡುಗೆಮನೆಯೊಂದು ಬಿಟ್ಟರೆ ನಡುಮನೆ, ಮಲಗೋ ಮನೆ, ಪ್ರಯೋಗಶಾಲೆ ಎಲ್ಲ ಒಂದೇ ಕೋಣೆ!

ಮೇಜಿನ ಮೇಲೆ ಗಂಗಾಂಬಿಕೆಯ ಅಲ್ಯೂಮಿನಿಯಂ ರೊಟ್ಟಿ ಡಬ್ಬಿ ಕೂತಿತ್ತು. ದಾವಣಗೆರೆಯಿಂದ ತಂದ ಡಬ್ಬಿ. ಈಗ ಅದರ ಮುಚ್ಚಳಕ್ಕೆ ಎರಡು ತೂತು ಬಿದ್ದು, ತೂತಿನಿಂದ ವೈರುಗಳು ಹೊರಬಂದಿದ್ದವು.

"ರೀ, ರೊಟ್ಟಿ ಎಲ್ಲಿಟ್ರಿ?"

"ರೊಟ್ಟಿ ವಿಚಾರ ಆಮೇಲೆ! ಇದು 'ಮುಂದಾಲೋಚನೆ ಯಂತ್ರ'. ಅಗ್ಗದ ಇಂಟರ್ನೆಟ್ಟನ್ನೇ ಸಾವಿರ ಪಟ್ಟು ಜೋರಾಗಿ ಓಡಿಸ್ತದೆ!"

ತಿಪ್ಪೇಸ್ವಾಮಿಯ ಸಂಕಟಕ್ಕೆ ಕಾರಣ ಇತ್ತು, ಇಲ್ಲ ಅನ್ನೋಕಾಗಲ್ಲ. ಪಕ್ಕದ ಬೀದಿಯವರೆಗೆ ಗಾಜಿನ ಎಳೆಯ ಹೊಸ ಕೇಬಲ್ ಬಂದಿತ್ತು. ಬೆಲೆ ಕಡಿಮೆ, ವೇಗ ಮಿಂಚಿನದು. ಇವರ ಓಣಿಯ ಕೆಳಗೆ ಮಾತ್ರ ಯಾವುದೋ ಕಾಲದ ಇಟ್ಟಿಗೆ ಮೋರಿ ಇದೆಯಂತ ಅಗೆಯಲು ಅನುಮತಿ ಸಿಕ್ಕಿರಲಿಲ್ಲ. ಹಾಗಾಗಿ ಕಟ್ಟಡದ ಎಂಟು ಮನೆಯೂ ಇವರ ಗೋಡೆಗೆ ಬಂದ ಒಂದೇ ಹಳೇ ತಂತಿಗೆ ಜೋತುಬಿದ್ದಿದ್ದವು. ವಿಡಿಯೋ ಕರೆಯಲ್ಲಿ ಯಾರಾದರೂ ಆಕಳಿಸಿದರೆ ಬಾಯಿ ಮುಚ್ಚುವುದನ್ನು ನೋಡಲು ಕಾಯಬೇಕಿತ್ತು.

"ಇದರ ಗುಟ್ಟು ಇಷ್ಟೇ," ಅಂದ ತಿಪ್ಪೇಸ್ವಾಮಿ. ದಾವಣಗೆರೆಯಲ್ಲಿ ಇಪ್ಪತ್ತೈದು ವರ್ಷ ರೇಡಿಯೋ ಟಿವಿ ರಿಪೇರಿ ಅಂಗಡಿ ನಡೆಸಿ, ಹೆಂಡತಿಗೆ ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದವನು. "ನೀವು ಕೇಳಿದ್ದನ್ನ ತರಕ್ಕೆ ಹೋದ್ರೆ ತಾನೇ ತಡ? ಏನು ಕೇಳ್ತೀರಿ ಅಂತ ಮೊದಲೇ ಊಹಿಸಿ ಕೊಟ್ಟುಬಿಟ್ರೆ?"

ಅಜ್ಜಿ ತಮ್ಮ ಫೋನಿನಲ್ಲಿ ಹವಾಮಾನ ಅಂತ ಬರೆಯಲು ಬೆರಳೆತ್ತಿದರು. ಬೆರಳು ಗಾಜಿಗೆ ತಾಗುವ ಮೊದಲೇ ಉತ್ತರ ಬಂತು: ಮಳೆ! ಕಿಟಕಿಯಾಚೆಯೂ ಮಳೆಯೇ. ಮರುಗಳಿಗೆ ಇನ್ನೊಂದು ಸಂದೇಶ ಬಂತು: ನೀವು ಕೊಂಡ ತೋಟದ ಬೂಟು ಮಂಗಳವಾರ ತಲುಪಲಿದೆ.

"ನಾನೆಲ್ಲಿ ಕೊಂಡೆ? ಕೊಳ್ಳೋಣ ಅಂತ ಇನ್ನೂ ಯೋಚನೆ ಮಾಡ್ತಿದ್ದೆ!" ಅಂದರು ಅಜ್ಜಿ.

"ನೋಡಿದ್ರಾ!" ತಿಪ್ಪೇಸ್ವಾಮಿ ಕುಣಿದೇಬಿಟ್ಟ. "ಅಜ್ಜಿ, ಪೇಟೆಂಟ್ ಅರ್ಜಿ ಹೆಂಗೆ ಬರೀಬೇಕು, ಹೇಳ್ರಿ."

ಮರೈಕೆ ಅಜ್ಜಿ ನಲವತ್ತು ವರ್ಷ ಪೇಟೆಂಟ್ ಅರ್ಜಿಗಳನ್ನೇ ಓದಿ ನಿವೃತ್ತರಾದವರು. ಕಾಫಿ ಹೀರಿ ತಲೆಯಾಡಿಸಿದರು.

"ಡಬ್ಬಿ ಬೇರೆಯವರದು. ವೈರು ಅಂಗಡಿಯದು. ನಿನ್ನದು ಒಳಗಿನ ಲೆಕ್ಕಾಚಾರ ಮಾತ್ರ. ಬರೀ ಲೆಕ್ಕಾಚಾರ ಯಾರೊಬ್ಬರ ಸ್ವತ್ತಾಗಬಾರದು ಅಂತ ಈ ಖಂಡದಲ್ಲಿ ವರ್ಷಗಟ್ಟಲೆ ಜಗಳ ಆಗಿದೆ. ನಾನೂ ಬೋರ್ಡು ಹಿಡಿದು ರಸ್ತೆಯಲ್ಲಿ ನಿಂತಿದ್ದೆ."

"ಹಂಗಾದ್ರೆ ನನ್ನ ತಲೆಗೆ ಬೆಲೆನೇ ಇಲ್ವಾ?"

"ಬೆಲೆ ಇದೆ. ಬೇಲಿ ಹಾಕಬೇಡ ಅಂತಿದೀನಿ."

ಇಬ್ಬರ ವಾದ ಏರುತ್ತಿದ್ದಂತೆ ಗಂಗಾಂಬಿಕೆ ಕಾಫಿ ಲೋಟ ಎತ್ತುವ ನೆಪದಲ್ಲಿ ಅಡುಗೆಮನೆಗೆ ಸರಿದಳು. ಈ ಬೇಲಿಯ ಮಾತು ಅವಳ ಎದೆಗೇ ಚುಚ್ಚಿತ್ತು.

ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ಅವಳ ತಂಗಿ ನೀಲಾಂಬಿಕೆ ಶೇಂಗಾ ಚಟ್ನಿಪುಡಿ ಮಾರಲು ಶುರುಮಾಡಿದ್ದಳು. ಪುಡಿ ಅವರಮ್ಮನದು. ಪೊಟ್ಟಣದ ಮೇಲೆ ಮಾತ್ರ 'ನೀಲಾ ಚಟ್ನಿಪುಡಿ, ನಮ್ಮ ಸ್ವಂತ ಪಾಕ' ಅಂತ ಅಚ್ಚಾಗಿತ್ತು. ಅಮ್ಮ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಗಂಗಾಂಬಿಕೆ ಫೋನಿನಲ್ಲೇ "ಕಳ್ಳಿ" ಅಂದುಬಿಟ್ಟಿದ್ದಳು. ಅಮ್ಮನ ಹೆಸರು ಹಾಕಲಿಲ್ಲ ಅನ್ನೋದು ಬಾಯಲ್ಲಿದ್ದ ಸಿಟ್ಟು. ನನ್ನ ಹೆಸರೂ ಇರಬೇಕಿತ್ತು ಅನ್ನೋದು ಹೊಟ್ಟೆಯಲ್ಲಿದ್ದ ಸಿಟ್ಟು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅವತ್ತಿನಿಂದ ಅಕ್ಕತಂಗಿಯರ ಮಾತು ನಿಂತಿತ್ತು.

ಮೊನ್ನೆ ತಂಗಿಯಿಂದ ಒಂದು ಸಾಲು ಬಂದಿತ್ತು. 'ಭಾನುವಾರ ಮೂರೂವರೆಗೆ ಫೋನ್ ಮಾಡು. ತೆಗೀತೀನಿ.' ಅಲ್ಲಿಯ ಮೂರೂವರೆ ಅಂದರೆ ಇಲ್ಲಿಯ ಮಧ್ಯಾಹ್ನ ಹನ್ನೆರಡು. ಗಂಗಾಂಬಿಕೆ ಆ ಸಾಲನ್ನು ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ನೀಲಾ ಅಷ್ಟು ಹಟಮಾರಿ.

ಶನಿವಾರ ಗಂಗಾಂಬಿಕೆ ಮನೆ ಗುಡಿಸಿದ್ದಾಯಿತು. ಅವತ್ತು ಮಧ್ಯಾಹ್ನದಿಂದ ಡಬ್ಬಿಯ ಪ್ರತಾಪ ಹೇಳತೀರದು! ಉಳಿದ ಏಳು ಮನೆಯವರೂ ಬಂದು ತಿಪ್ಪೇಸ್ವಾಮಿಯ ಕೈ ಕುಲುಕಿದರು. ಸಿನಿಮಾ ಒತ್ತುವ ಮೊದಲೇ ಮುಗಿಯುತ್ತಿತ್ತು. ಎರಡನೇ ಮಹಡಿಯವನ ಚೆಸ್ ಎದುರಾಳಿ ಆಟ ಶುರುವಾಗುವ ಮೊದಲೇ ಸೋಲೊಪ್ಪಿಕೊಂಡ. ಅಜ್ಜಿಗೆ ಭಾನುವಾರದ ಪತ್ರಿಕೆ ಶನಿವಾರವೇ ಓದಲು ಸಿಕ್ಕಿತು. ಮಂತ್ರಿಗಳು ಪರಸ್ಪರ ಬೈದಿದ್ದರು, ರೈಲು ತಡವಾಗಿತ್ತು, ಮಳೆ ಬರಲಿತ್ತು. ಎಲ್ಲ ಸರಿಯಾಗಿಯೇ ಇದೆ ಅಂದರು ಅಜ್ಜಿ.

"ನಾಳೆ ನಿನ್ನ ಕರೆಗೂ ಇದೇ ಡಬ್ಬಿ," ಅಂದ ತಿಪ್ಪೇಸ್ವಾಮಿ. "ನಿಮ್ಮಿಬ್ಬರ ಹಳೇ ಐದು ವರ್ಷದ ಕರೆಗಳೆಲ್ಲ ನನ್ನ ಹತ್ರ ರೆಕಾರ್ಡ್ ಇದ್ವಲ್ಲ, ಅವನ್ನ ಪೂರ್ತಿ ಇದಕ್ಕೆ ಉಣಿಸಿದೀನಿ."

"ನಮ್ಮ ಮಾತನ್ನ ಯಾಕ್ರೀ ರೆಕಾರ್ಡ್ ಮಾಡಿದ್ರಿ?"

"ರಿಪೇರಿ ಮಾಡೋನು ಯಾವ್ದನ್ನೂ ಬಿಸಾಡಲ್ಲ ಕಣೇ! ನಿಮ್ಮ ಮಾತಿನಷ್ಟು ಸುಲಭದ್ದು ಯಾವುದೂ ಇಲ್ಲ. ಊಟ ಆತಾ, ಆತು. ಏನು ಸಾರು, ಬೇಳೆ ಸಾರು. ಚಳಿ ಐತಾ, ಐತೆ. ಡಬ್ಬಿ ಒಂದೇ ದಿನದಲ್ಲಿ ಕಲೀತು."

ಭಾನುವಾರ ಬೆಳಗ್ಗಿನಿಂದ ಗಂಗಾಂಬಿಕೆಗೆ ಒಂದು ತುತ್ತೂ ಇಳಿಯಲಿಲ್ಲ. ಹನ್ನೆರಡಕ್ಕೆ ಕರೆಯ ಗುಂಡಿ ಒತ್ತಲು ಕೈ ಚಾಚಿದಳು. ಒತ್ತುವುದರೊಳಗೆ ನೀಲಾ ಎದುರಿಗಿದ್ದಳು! ಚಿತ್ರ ಎಷ್ಟು ನಿಚ್ಚಳ ಅಂದರೆ ಮೂಗುಬೊಟ್ಟಿನ ಹರಳೂ ಹೊಳೆಯುತ್ತಿತ್ತು.

"ಊಟ ಆತಾ ಅಕ್ಕಾ?"

"ಆತು," ಅಂದಳು ಗಂಗಾಂಬಿಕೆ. ಯಾರು ಕೇಳಿದರೂ ಬಾಯಿ ತಾನಾಗಿಯೇ ಅನ್ನುವ ಮಾತು. "ನೀಲಾ, ಅವತ್ತು ನಾನು..."

"ತಪ್ಪೆಲ್ಲ ನಂದೇ ಅಕ್ಕಾ. ನೀನು ಹೇಳಿದ್ದೇ ಸರಿ."

ಗಂಗಾಂಬಿಕೆ ಬೆಳಗ್ಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಅತ್ತಳು, ನಕ್ಕಳು, ಮತ್ತೆ ಅತ್ತಳು. ಎಷ್ಟು ಸಲೀಸು! ಇಷ್ಟಕ್ಕೆ ಎರಡು ವರ್ಷ ನಿದ್ದೆಗೆಟ್ಟೆನಲ್ಲ ಅಂತ ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಸೀದ ವಾಸನೆ ಬಂತು. "ತಡಿಯೇ, ಹಾಲು!" ಅಂತ ಅಡುಗೆಮನೆಗೆ ಓಡಿದಳು. ಒಲೆ ಆರಿಸುತ್ತಿದ್ದಾಗ ನಡುಮನೆಯಿಂದ ಯಾರೋ ಮಾತಾಡುವುದು ಕೇಳಿಸಿತು. ಅವಳದೇ ದನಿ!

"ಹೂಂ ಕಣೇ, ಇಲ್ಲಿ ಚಳಿ. ಬೇಳೆ ಸಾರು ಮಾಡಿದ್ದೆ."

ಓಡಿ ಬಂದಳು. ಪರದೆಯ ದೊಡ್ಡ ಚೌಕದಲ್ಲಿ ನೀಲಾ, ಮೂಲೆಯ ಸಣ್ಣ ಚೌಕದಲ್ಲಿ ಗಂಗಾಂಬಿಕೆ. ಇಬ್ಬರೂ ಖುಷಿಯಾಗಿ ಹರಟುತ್ತಿದ್ದರು. ಎದುರಿನ ಕುರ್ಚಿ ಖಾಲಿ.

"ರೀ! ಬನ್ರೀ ಇಲ್ಲಿ! ನಾನು ಅದರೊಳಗೆ ಕೂತಿದೀನಿ!"

ತಿಪ್ಪೇಸ್ವಾಮಿ ಬಂದವನೇ ಡಬ್ಬಿ ತಟ್ಟಿದ, ವೈರು ಹಿಡಿದು ಹಿಂಬಾಲಿಸುತ್ತ ಮೇಜಿನ ಕೆಳಗೆ ತೂರಿದ. ಆಮೇಲೆ ಕೈಯಲ್ಲಿ ತಂತಿಯ ತುದಿ ಹಿಡಿದು ಹೊರಬಂದ.

"ನಿನ್ನೆ ನೀನು ಪೊರಕೆ ಆಡಿಸಿದಾಗ ಇದು ಗೋಡೆಯಿಂದ ಕಿತ್ತು ಬಂದೈತೆ ಗಂಗಾ! ನಿನ್ನೆ ಮಧ್ಯಾಹ್ನದಿಂದ ಇಡೀ ಕಟ್ಟಡಕ್ಕೆ ಇಂಟರ್ನೆಟ್ಟೇ ಇಲ್ಲ! ಎಲ್ಲಾನೂ ಡಬ್ಬಿನೇ ಊಹಿಸಿ ಕೊಟ್ಟೈತೆ! ಒಬ್ಬರಿಗೂ ಗೊತ್ತಾಗಿಲ್ಲ! ಅಯ್ಯೋ, ಕೇಬಲ್ಲೂ ಬೇಡ, ಬಿಲ್ಲೂ ಬೇಡ! ಜಗತ್ತಿನಲ್ಲೇ ಅಗ್ಗದ..."

ಹೆಂಡತಿಯ ಮುಖ ನೋಡಿ ಅವನ ಮಾತು ಅಲ್ಲಿಗೇ ನಿಂತಿತು.

"ಹಂಗಾದ್ರೆ ನೀಲಾ ತಪ್ಪಾತು ಅನ್ಲಿಲ್ಲ," ಅಂದಳು ಗಂಗಾಂಬಿಕೆ ಮೆಲ್ಲಗೆ. "ನಂಗೆ ಏನು ಕೇಳಬೇಕಿತ್ತೋ ಅದನ್ನ ನಿಮ್ಮ ಡಬ್ಬಿ ಅಂತು."

ತಾನೇ ಡಬ್ಬಿಯ ವೈರು ಕಿತ್ತಳು. ತಂತಿಯನ್ನು ಮತ್ತೆ ಗೋಡೆಗೆ ಚುಚ್ಚಿ, ನೇರ ಇಂಟರ್ನೆಟ್ಟಿನ ಹಳೇ ಪೆಟ್ಟಿಗೆಗೆ ಸಿಕ್ಕಿಸಿದಳು. ಫೋನು ಉಸಿರು ತಗೊಂಡು ಗುಣುಗುಟ್ಟಿತು. ನೀಲಾ ಹನ್ನೊಂದು ಸಲ ಕರೆ ಮಾಡಿದ್ದಳು. ಗಂಟೆ ಒಂದೂಕಾಲು. ಅಲ್ಲಿ ನಾಲ್ಕೂಮುಕ್ಕಾಲು.

ಈಗ ಕರೆ ಹೋಗಲು ಎಷ್ಟು ಹೊತ್ತು! ಕೊನೆಗೆ ಚುಕ್ಕೆಚುಕ್ಕೆಯಾಗಿ ಒಂದು ಮುಖ ಕೂಡಿಕೊಂಡಿತು. ಕೂದಲು ಬೆಳ್ಳಗಾಗಿತ್ತು. ಅದನ್ನು ಡಬ್ಬಿ ಊಹಿಸಿರಲಿಲ್ಲ.

"ಮೂರೂವರೆಗೆ ಅಂದಿದ್ದೆ," ಅಂದಳು ನೀಲಾ. ಬೇರೇನೂ ಇಲ್ಲ. ಆಮೇಲೆ ಅಭ್ಯಾಸಕ್ಕೆ ಬಿದ್ದು ಕೇಳಿದಳು. "ಊಟ ಆತಾ?"

'ಆತು' ನಾಲಿಗೆ ತುದಿಗೆ ಬಂದಿತ್ತು. ಗಂಗಾಂಬಿಕೆ ಅದನ್ನು ನುಂಗಿದಳು.

"ಇಲ್ಲ ನೀಲಾ. ಬೆಳಗ್ಗಿಂದ ಏನೂ ತಿಂದಿಲ್ಲ. ನಿನಗೆ ಕಳ್ಳಿ ಅಂದೆನಲ್ಲ, ಆ ಮಾತು ಹೆಂಗೆ ವಾಪಸ್ ತಗೊಳ್ಳೋದು ಅಂತ ಗೊತ್ತಾಗ್ಲಿಲ್ಲ. ಪೊಟ್ಟಣದ ಮೇಲೆ ನನ್ನ ಹೆಸರಿಲ್ಲ ಅಂತ ಹೊಟ್ಟೆ ಉರಿದಿತ್ತು. ಅಮ್ಮನ ಹೆಸರು ಬರೀ ನೆಪ."

ಚಿತ್ರ ನಿಂತುಹೋಯಿತು. ನೀಲಾಳ ಬಾಯಿ ಅರ್ಧ ತೆರೆದಂತೆಯೇ ಉಳಿಯಿತು. ಒಂದು ನಿಮಿಷ, ಎರಡು ನಿಮಿಷ. ಏನು ಬರುತ್ತದೋ, ಬರುತ್ತದೋ ಇಲ್ಲವೋ! ತಿಪ್ಪೇಸ್ವಾಮಿ ಕಿಟಕಿ ಕಡೆ ತಿರುಗಿ ನಿಂತ. ಹಳೇ ತಂತಿಯ ನಿಧಾನವನ್ನು ಇಷ್ಟು ದಿನ ಬೈದಿದ್ದವನು ಈಗ ಉಗುರು ಕಚ್ಚುತ್ತಿದ್ದ.

"ನಾನೂ ಉಂಡಿಲ್ಲ," ಅಂತು ಫೋನು, ಮುಖ ಅಲುಗದೆ. "ಅಕ್ಕಾ, ನೀನು ಬೈದಿದ್ದಕ್ಕೇ ಹೊಸ ಪೊಟ್ಟಣಕ್ಕೆ ಅಮ್ಮನ ಹೆಸರು ಹಾಕ್ಸಿದೆ. ವರ್ಷ ಆತು. ಹೇಳಕ್ಕೆ ಹಟ ಬಿಡ್ಲಿಲ್ಲ." ಒಂದು ಬಿಕ್ಕು ತುಂಡುತುಂಡಾಗಿ ಬಂತು. "ಪುಡಿ ಕಳಿಸ್ಲಾ?"

"ಬೇಡ ಬೇಡ, ಸುಮ್ನೆ ಯಾಕೆ ತೊಂದ್ರೆ."

"ಸರಿ, ನಾಲ್ಕು ಕೇಜಿ ಕಳಿಸ್ತೀನಿ."

ಪುಡಿ ಬರುವುದರೊಳಗೆ ಓಣಿ ಅಗೆಯಲು ಅನುಮತಿ ಸಿಕ್ಕಿ ಅಗ್ಗದ ಕೇಬಲ್ಲೂ ಬಂತು. ಕಟ್ಟಡದವರೆಲ್ಲ ಇದು ತಿಪ್ಪೇಸ್ವಾಮಿಯ ಡಬ್ಬಿಯಷ್ಟು ವೇಗ ಇಲ್ಲ ಅಂತ ಗೊಣಗಿದರು! ಡಬ್ಬಿಯನ್ನು ಕಪಾಟಿಗೆ ಹಾಕಿದರೂ ಬ್ಯಾಟರಿ ಬಲದಲ್ಲಿ ಅದು ಊಟದ ಹೊತ್ತಿಗೆ ಸರಿಯಾಗಿ "ಊಟ ಆತಾ?" "ಆತು" ಅಂತ ತನ್ನೊಳಗೇ ಮಾತಾಡಿಕೊಳ್ಳುತ್ತಿತ್ತು. ಒಂದು ದಿನ ಗಂಗಾಂಬಿಕೆ ಅದರ ಹೊಟ್ಟೆ ಬಗೆದು, ತೊಳೆದು, ತೂತಿಗೆ ಬಟ್ಟೆ ತುರುಕಿ, ಪುಡಿ ತುಂಬಿಟ್ಟಳು.

ಮರೈಕೆ ಅಜ್ಜಿ ಕಣ್ಣಲ್ಲಿ ನೀರು ಸುರಿಸುತ್ತ ಮೂರು ಚಮಚ ತಿಂದು, ಮಾಡುವ ವಿಧಾನ ಬರೆದುಕೊಳ್ಳಲು ಕೂತರು. ಗಂಗಾಂಬಿಕೆ ಕೊನೆಯ ಬೆಳ್ಳುಳ್ಳಿ ಎಸಳಿನವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು.

"ಮೇಲೆ ಯಾರ ಹೆಸರು ಬರೀಲಿ?" ಅಂದರು ಅಜ್ಜಿ.

ಗಂಗಾಂಬಿಕೆ ಯೋಚಿಸಿದಳು. "ನಮ್ಮಮ್ಮಂಗೆ ಅವರಜ್ಜಿ ಹೇಳಿಕೊಟ್ಟಿದ್ದು. ಆ ಅಜ್ಜಿಗೆ ಯಾರು ಹೇಳಿಕೊಟ್ರೋ, ಅವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ."

"ಡಬ್ಬಿ ಇದ್ದಿದ್ರೆ ಊಹಿಸಿಬಿಡ್ತಿತ್ತು," ಅಂದ ತಿಪ್ಪೇಸ್ವಾಮಿ.

"ಅದಕ್ಕೇ ಅದರ ಬಾಯಿಗೆ ಪುಡಿ ತುಂಬಿದ್ದು," ಅಂದಳು ಗಂಗಾಂಬಿಕೆ.